ಮನೆಯಲ್ಲಿ ಎಲ್ಲದರಲ್ಲೂ ನೆಟ್ ಓಡುತ್ತಿದೆ, ಒಂದು ಕಂಪ್ಯೂಟರ್ ಮಾತ್ರ ತೆವಳುತ್ತಿದೆ

ಫೋನಿನಲ್ಲಿ ವಿಡಿಯೊ ಸಲೀಸಾಗಿ ಓಡುತ್ತದೆ. ಟಿವಿಯಲ್ಲೂ ತೊಂದರೆ ಇಲ್ಲ. ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿ ಮಾತ್ರ ಒಂದು ಪುಟ ತೆರೆಯಲು ಅರ್ಧ ನಿಮಿಷ. ಇಂಥ ಹೊತ್ತಿನಲ್ಲಿ ನಮ್ಮ ಕೈ ಮೊದಲು ಹೋಗುವುದು ರೂಟರಿನ ಸ್ವಿಚ್ಚಿಗೆ. ಆರಿಸಿ ಮತ್ತೆ ಹಾಕುತ್ತೇವೆ. ಐದು ನಿಮಿಷ ಸರಿಹೋದ ಹಾಗೆ ಕಾಣುತ್ತದೆ. ಆಮೇಲೆ ಮತ್ತೆ ಅದೇ ರಾಗ. ಕೊನೆಗೆ ನೆಟ್ ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ ಜಗಳಕ್ಕೆ ನಿಲ್ಲುತ್ತೇವೆ.

ಸ್ವಲ್ಪ ತಡೆಯಿರಿ. ಬೇರೆಲ್ಲ ಸರಿಯಾಗಿ ಓಡುತ್ತಿದೆ ಅನ್ನುವುದೇ ದೊಡ್ಡ ಸುಳಿವು. ಹೊರಗಿನಿಂದ ಬರುವ ಲೈನು, ನಿಮ್ಮ ಪ್ಲಾನು, ರೂಟರಿನ ಬಹುಪಾಲು ಈಗಾಗಲೇ ಪಾಸಾದ ಲೆಕ್ಕ. ಅನುಮಾನ ಪಡಬೇಕಾದ ಜಾಗ ಮೂರೇ ಮೂರು: ರೂಟರಿಗೂ ಆ ಕಂಪ್ಯೂಟರಿಗೂ ನಡುವಿನ ಗಾಳಿ, ಕಂಪ್ಯೂಟರಿನ ವೈ-ಫೈ ಕಾರ್ಡು, ಒಳಗೆ ಓಡುತ್ತಿರುವ ಸಾಫ್ಟ್‌ವೇರ್. ಈ ಮೂರರಲ್ಲಿ ಯಾವುದು ಅಂತ ಹುಡುಕುವುದೇ ಕೆಲಸ.

ಶುರು ಮಾಡುವ ಮುಂಚೆ ಒಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಹೊಸದು ಹಾಕಿ, ರೂಟರಿನ ಚಾನೆಲ್ ಬದಲಿಸಿ, ರೂಟರನ್ನೂ ಕಪಾಟಿನ ಮೇಲೆ ಏರಿಸಿದರೆ, ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಏನು ಮಾಡಿದೆ, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು. ಜೊತೆಗೆ ತೊಂದರೆ ಶುರುವಾದ ದಿನ ಮನೆಯಲ್ಲಿ ಏನು ಬದಲಾಗಿತ್ತು ಅಂತ ಯೋಚಿಸಿ. ಹೊಸ ಹಾರ್ಡ್ ಡಿಸ್ಕ್ ಬಂತೇ? ವಿಂಡೋಸ್ ಅಪ್‌ಡೇಟ್ ಆಯಿತೇ? ಮೇಜು ಈ ಗೋಡೆಯಿಂದ ಆ ಗೋಡೆಗೆ ಹೋಯಿತೇ?

ಮೊದಲು ಅಳೆಯಿರಿ

ಫೋನನ್ನು ಕಂಪ್ಯೂಟರಿನ ಪಕ್ಕದಲ್ಲೇ ಇಡಿ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ. ಇದನ್ನು ಮರೆತರೆ ಫೋನ್ ಸದ್ದಿಲ್ಲದೆ ಸಿಮ್ಮಿನ ನೆಟ್ಟಿಗೆ ಹಾರಿ ನಿಮ್ಮನ್ನು ದಾರಿ ತಪ್ಪಿಸಬಹುದು. ಎರಡರಲ್ಲೂ ಒಂದೇ ಸ್ಪೀಡ್ ಟೆಸ್ಟ್ ಮಾಡಿ, ಒಂದಾದ ಮೇಲೆ ಒಂದು, ಮೂರು ಮೂರು ಸಲ. ಒಟ್ಟಿಗೆ ಮಾಡಬೇಡಿ, ಇಬ್ಬರೂ ಹಂಚಿಕೊಂಡು ಎರಡೂ ಕಡಿಮೆ ತೋರಿಸುತ್ತವೆ.

ಪಕ್ಕದಲ್ಲಿಟ್ಟ ಫೋನೂ ನಿಧಾನವಾದರೆ ತಪ್ಪು ಕಂಪ್ಯೂಟರಿನದ್ದಲ್ಲ, ಆ ಜಾಗದ್ದು. ಫೋನ್ 90 ತೋರಿಸಿ ಕಂಪ್ಯೂಟರ್ 6 ತೋರಿಸಿದರೆ ಮುಂದೆ ಓದಿ. ಅಂದಹಾಗೆ, ಸ್ಪೀಡ್ ಟೆಸ್ಟ್ ತೋರಿಸುವುದು ಮೆಗಾಬಿಟ್ ಲೆಕ್ಕ. ಡೌನ್‌ಲೋಡ್ ಆಗುವಾಗ ಬ್ರೌಸರ್ ತೋರಿಸುವುದು ಮೆಗಾಬೈಟ್ ಲೆಕ್ಕ. 8 ಬಿಟ್ ಸೇರಿದರೆ 1 ಬೈಟ್. 80 ಎಂಬಿಪಿಎಸ್ (ಸೆಕೆಂಡಿಗೆ 80 ಮೆಗಾಬಿಟ್) ಲೈನಿನಲ್ಲಿ ಫೈಲು ಸೆಕೆಂಡಿಗೆ 10 ಮೆಗಾಬೈಟ್ ಇಳಿಯುತ್ತಿದ್ದರೆ ಅದು ಪೂರ್ತಿ ವೇಗವೇ. ಈ ಒಂದು ಗೊಂದಲದಿಂದ ಸುಮ್ನೆ ತಲೆ ಕೆಡಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಈಗ ಎಲ್ಲಕ್ಕಿಂತ ಉಪಯೋಗದ ಪರೀಕ್ಷೆ. ಒಂದು ನೆಟ್‌ವರ್ಕ್ ಕೇಬಲ್ ತಂದು ಕಂಪ್ಯೂಟರನ್ನು ನೇರವಾಗಿ ರೂಟರಿಗೆ ಸಿಕ್ಕಿಸಿ. ವೈ-ಫೈ ಆಫ್ ಮಾಡಿ ಮತ್ತೆ ಅಳೆಯಿರಿ. ಕೇಬಲ್ಲಿನಲ್ಲಿ ವೇಗ ಬಂದರೆ ಕಾಯಿಲೆ ವೈರ್‌ಲೆಸ್ ಕಡೆ ಇದೆ. ಕೇಬಲ್ಲಿನಲ್ಲೂ ತೆವಳಿದರೆ ಒಳಗಿನ ಸಾಫ್ಟ್‌ವೇರ್ ಮೇಲೆ ಅನುಮಾನ. ಒಂದೇ ಏಟಿಗೆ ಅರ್ಧ ದಾರಿ ಮುಗಿಯಿತು.

ಕೇಬಲ್ ಇಲ್ಲವೇ? ಅಥವಾ ಲ್ಯಾಪ್‌ಟಾಪಿಗೆ ಆ ತೂತೇ ಇಲ್ಲವೇ? ಆಂಡ್ರಾಯ್ಡ್ ಫೋನ್ ಇದ್ದರೆ ಸಾಕು. ಫೋನನ್ನು ಮನೆಯ ವೈ-ಫೈಗೆ ಹಾಕಿ, ಚಾರ್ಜರ್ ಕೇಬಲ್ಲಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ, ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಮೊಬೈಲ್ ಡೇಟಾ ಆಫ್ ಇರಲಿ. ಈಗ ಫೋನೇ ಕಂಪ್ಯೂಟರಿನ ವೈ-ಫೈ ಕಾರ್ಡಾಗಿ ಕೆಲಸ ಮಾಡುತ್ತದೆ. ಕಂಪ್ಯೂಟರಿನ ಸ್ವಂತ ವೈ-ಫೈ ಆಫ್ ಮಾಡಿ ಅಳೆಯಿರಿ. ಈಗ ವೇಗ ಬಂದರೆ ಅನುಮಾನವೆಲ್ಲ ಆ ಸ್ವಂತ ಕಾರ್ಡಿನ ಮೇಲೆ.

ಕೇಬಲ್ಲಿನಲ್ಲೂ ನಿಧಾನ ಅಂದರೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ನೆಟ್‌ವರ್ಕ್ ಅನ್ನುವ ಸಾಲಿನ ತಲೆಯ ಮೇಲೆ ಕ್ಲಿಕ್ ಮಾಡಿದರೆ ಜಾಸ್ತಿ ನೆಟ್ ತಿನ್ನುವ ಪ್ರೋಗ್ರಾಂ ಮೇಲೆ ಬರುತ್ತದೆ. ಹೆಚ್ಚಿನ ಸಲ ಕಳ್ಳ ಇಲ್ಲೇ ಸಿಗುತ್ತಾನೆ. ಪ್ರವಾಸದ ಫೋಟೊಗಳನ್ನೆಲ್ಲ ಕ್ಲೌಡಿಗೆ ಏರಿಸುತ್ತಾ ಕೂತ ಸಿಂಕ್ ಪ್ರೋಗ್ರಾಂ, ಹಿಂದೆ ಇಳಿಯುತ್ತಿರುವ ವಿಂಡೋಸ್ ಅಪ್‌ಡೇಟ್, ಯಾವುದೋ ಗೇಮಿನ ಅಪ್‌ಡೇಟ್. ಅಪ್‌ಲೋಡ್ ಆಗುತ್ತಿದ್ದರೆ ಡೌನ್‌ಲೋಡ್ ಯಾಕೆ ನಿಧಾನವಾಗಬೇಕು ಅನ್ನಬಹುದು. ಬಂದ ಪ್ರತಿ ಕಂತಿಗೂ ಕಂಪ್ಯೂಟರ್ 'ಸಿಕ್ಕಿತು' ಅಂತ ವಾಪಸ್ ಹೇಳಬೇಕು. ಹೋಗುವ ದಾರಿ ತುಂಬಿದ್ದರೆ ಆ ಉತ್ತರ ಸಾಲಿನಲ್ಲಿ ಕಾಯುತ್ತದೆ. ಉತ್ತರ ತಡವಾದರೆ ಮುಂದಿನ ಕಂತೂ ತಡ.

ವಿಪಿಎನ್ (ನೆಟ್ಟನ್ನು ಬೇರೊಂದು ಸರ್ವರಿನ ಮೂಲಕ ಸುತ್ತಿಸುವ ಪ್ರೋಗ್ರಾಂ) ಇದ್ದರೆ ಆರಿಸಿ ನೋಡಿ. ಬ್ರೌಸರಿನ ಎಕ್ಸ್‌ಟೆನ್ಷನ್‌ಗಳ ಮೇಲೆ ಅನುಮಾನವಿದ್ದರೆ ಬೇರೆ ಬ್ರೌಸರಿನಲ್ಲಿ ಅದೇ ಪುಟ ತೆರೆಯಿರಿ. ಆಂಟಿವೈರಸ್ಸಿನ ವೆಬ್ ಸ್ಕ್ಯಾನ್ ಕೂಡ ಕೆಲವು ಸಲ ಕಾಲು ಎಳೆಯುತ್ತದೆ.

ಇನ್ನೊಂದು ಲಕ್ಷಣ ಗಮನಿಸಿ. ಪುಟ ತೆರೆಯುವ ಮುಂಚೆ ಐದಾರು ಸೆಕೆಂಡ್ ಏನೂ ಆಗುವುದಿಲ್ಲ, ಶುರುವಾದ ಮೇಲೆ ಸರಕ್ಕನೆ ಬಂದುಬಿಡುತ್ತದೆ. ದೊಡ್ಡ ಫೈಲೂ ಪೂರ್ತಿ ವೇಗದಲ್ಲಿ ಇಳಿಯುತ್ತದೆ. ಹಾಗಿದ್ದರೆ ಡಿಎನ್‌ಎಸ್ ಕಡೆ ನೋಡಿ. ಸೈಟಿನ ಹೆಸರನ್ನು ನಂಬರಾಗಿ ಬದಲಿಸಿಕೊಡುವ ವ್ಯವಸ್ಥೆ ಅದು. ಯಾವಾಗಲೋ ಯಾರೋ ಕೈಯಾರೆ ಹಾಕಿದ ಹಳೆಯ ಡಿಎನ್‌ಎಸ್ ನಂಬರು ಆ ಒಂದು ಕಂಪ್ಯೂಟರಿನಲ್ಲಿ ಉಳಿದಿರಬಹುದು. ಅದನ್ನು ಆಟೋಮ್ಯಾಟಿಕ್‌ಗೆ ಬಿಡಿ.

ಡಿಎನ್‌ಎಸ್ ಸರಿಯಿದ್ದು, ಸ್ಪೀಡ್ ಟೆಸ್ಟೂ ಚೆನ್ನಾಗಿದ್ದು ಪುಟಗಳು ತೆವಳಿದರೆ ಅದು ಹೆಚ್ಚಾಗಿ ನೆಟ್ಟಿನ ತಪ್ಪಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ, ಡಿಸ್ಕ್ ಎಷ್ಟು ಪರ್ಸೆಂಟ್ ಇದೆ ನೋಡಿ. ಡಿಸ್ಕ್ 100ರಲ್ಲಿ ಏದುಸಿರು ಬಿಡುತ್ತಿದ್ದರೆ ವೈ-ಫೈಯನ್ನು ಬೈದು ಪ್ರಯೋಜನವಿಲ್ಲ ಅಲ್ವಾ.

ವೈ-ಫೈ ಕಡೆಯೇ ಅಂತ ಖಾತ್ರಿಯಾದರೆ

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ವೈ-ಫೈ, ಅದರೊಳಗೆ ನಿಮ್ಮ ಕನೆಕ್ಷನ್ನಿನ ಪ್ರಾಪರ್ಟೀಸ್. ಕೆಳಗೆ ಲಿಂಕ್ ಸ್ಪೀಡ್, ಬ್ಯಾಂಡ್, ಚಾನೆಲ್ ಅಂತ ಸಾಲುಗಳಿವೆ. ಬ್ಯಾಂಡ್ ಅಂದರೆ ವೈ-ಫೈ ಓಡುವ ರೇಡಿಯೊ ಹೆದ್ದಾರಿ, ಸಾಮಾನ್ಯವಾಗಿ 2.4 ಅಥವಾ 5 ಗಿಗಾಹರ್ಟ್ಸ್; ಚಾನೆಲ್ ಅಂದರೆ ಅದರೊಳಗಿನ ಒಂದು ಲೇನು. ಮ್ಯಾಕ್ ಆದರೆ ಆಪ್ಷನ್ ಕೀ ಒತ್ತಿ ಹಿಡಿದು ಮೇಲಿನ ವೈ-ಫೈ ಗುರುತಿನ ಮೇಲೆ ಕ್ಲಿಕ್ ಮಾಡಿ. ಈ ಅಂಕಿಗಳು ಬಾಯಿ ಬಿಟ್ಟು ಹೇಳದಿದ್ದರೂ ತುಂಬಾ ಹೇಳುತ್ತವೆ.

ಲಿಂಕ್ ಸ್ಪೀಡ್ ಅಂದರೆ ರೂಟರೂ ಕಾರ್ಡೂ ತಮ್ಮೊಳಗೆ ಒಪ್ಪಿಕೊಂಡ ವೇಗ. ಕೈಗೆ ಸಿಗುವುದು ಅದರ ಅರ್ಧ, ಇಲ್ಲವೇ ಸ್ವಲ್ಪ ಜಾಸ್ತಿ. 72 ಅಂತ ಕಂಡರೆ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಒಂದೇ ಆಂಟೆನಾದಿಂದ ಕೆಲಸ ನಡೆದಿದೆ. 144 ಕಂಡರೆ ಅದೇ ಬ್ಯಾಂಡ್, ಎರಡು ಆಂಟೆನಾ. 433 ಅಂದರೆ ಸಾಮಾನ್ಯವಾಗಿ 5 ಗಿಗಾಹರ್ಟ್ಸ್, ಒಂದು ಆಂಟೆನಾ. 866 ಅಂದರೆ ಎರಡು. ವೈ-ಫೈ 6 ಕಾರ್ಡಾದರೆ 1201 ಕಾಣಬಹುದು. ಪ್ಲಾನು 200 ಇದ್ದು ಕಂಪ್ಯೂಟರಿನಲ್ಲಿ ಲಿಂಕ್ 72 ಇದ್ದರೆ ಲೆಕ್ಕ ಅಲ್ಲೇ ಮುಗಿಯಿತು. ಏನೇ ಮಾಡಿದರೂ 40ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಪಕ್ಕದ ಫೋನು 5 ಗಿಗಾಹರ್ಟ್ಸ್‌ನಲ್ಲಿ ಕೂತು ಪೂರ್ತಿ 200 ಎಳೆದುಕೊಳ್ಳುತ್ತಿರುತ್ತದೆ.

54ಕ್ಕಿಂತ ಮೇಲೆ ಹೋಗುವುದೇ ಇಲ್ಲ ಅಂದರೆ ಎರಡರಲ್ಲಿ ಒಂದು. ಕಾರ್ಡು ತೀರಾ ಹಳೆಯದು; 54 ಅನ್ನುವುದು 2003ರ ಕಾಲದ ಗರಿಷ್ಠ ವೇಗ. ಅಥವಾ ರೂಟರಿನಲ್ಲಿ ಸೆಕ್ಯೂರಿಟಿ ಟಿಕೆಐಪಿ ಅಥವಾ ಡಬ್ಲ್ಯುಇಪಿ ಅನ್ನುವ ಹಳೆಯ ಗೂಢಲಿಪಿ ಪದ್ಧತಿಯಲ್ಲಿ ಸಿಕ್ಕಿಕೊಂಡಿದೆ. ಅವೆರಡರಲ್ಲಿ ಹೊಸ ವೇಗಗಳಿಗೆ ಅನುಮತಿಯೇ ಇಲ್ಲ. ರೂಟರಿನಲ್ಲಿ ಡಬ್ಲ್ಯುಪಿಎ2-ಎಇಎಸ್ ಅಥವಾ ಡಬ್ಲ್ಯುಪಿಎ3 ಹಾಕಿ. ಕಂಪ್ಯೂಟರಿನಲ್ಲಿ ಆ ನೆಟ್‌ವರ್ಕನ್ನು ಫರ್ಗೆಟ್ ಮಾಡಿ ಹೊಸದಾಗಿ ಪಾಸ್‌ವರ್ಡ್ ಕೊಟ್ಟು ಸೇರಿ.

ಎರಡೂ ಬ್ಯಾಂಡಿಗೆ ಒಂದೇ ಹೆಸರಿದ್ದಾಗ ಕಂಪ್ಯೂಟರ್ ತನಗೆ ತೋಚಿದ್ದನ್ನು ಹಿಡಿಯುತ್ತದೆ. ಕೆಲವು ಕಾರ್ಡುಗಳು 2.4ನ್ನು ಹಿಡಿದರೆ ಬಿಡುವುದೇ ಇಲ್ಲ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ (ಕಂಪ್ಯೂಟರಿನ ಭಾಗಗಳ ಪಟ್ಟಿ ಅದು) ಕಾರ್ಡಿನ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಅಡ್ವಾನ್ಸ್ಡ್ ಟ್ಯಾಬಿನಲ್ಲಿ ಪ್ರಿಫರ್ಡ್ ಬ್ಯಾಂಡ್ ಅಂತ ಇದ್ದರೆ 5 ಆರಿಸಿ. ಎಲ್ಲ ಕಾರ್ಡುಗಳಲ್ಲೂ ಈ ಆಯ್ಕೆ ಇರುವುದಿಲ್ಲ. ಇಲ್ಲದಿದ್ದರೆ ರೂಟರಿನಲ್ಲೇ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಮನೆಯಲ್ಲಿ ರಿಪೀಟರ್ (ರೂಟರಿನ ಸಿಗ್ನಲ್ಲನ್ನು ಮುಂದಕ್ಕೆ ದಾಟಿಸುವ ಡಬ್ಬಿ) ಇದ್ದರೆ ಇನ್ನೊಂದು ಮೋಸವಿದೆ. ರೂಟರ್ ಕಣ್ಣೆದುರೇ ಇದ್ದರೂ ಕಂಪ್ಯೂಟರ್ ಆಚೆ ಕೋಣೆಯ ರಿಪೀಟರಿಗೆ ಅಂಟಿಕೊಂಡಿರುತ್ತದೆ. ಒಂದೇ ರೇಡಿಯೊದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವ ರಿಪೀಟರ್ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ. ರಿಪೀಟರನ್ನು ಆರಿಸಿ ಒಂದು ಸಲ ನೋಡಿ.

ಕಾರ್ಡಿಗೆ 5 ಗೊತ್ತೇ ಇಲ್ಲದಿದ್ದರೆ ಅದು 2.4ರ ಸಂತೆಯಲ್ಲೇ ಇರಬೇಕು. ಆ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಕ್ಕಪಕ್ಕದವರ ರೂಟರುಗಳು, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ. ಮನೆಯ ಬೇರೆ ಸಾಧನಗಳೆಲ್ಲ 5ಕ್ಕೆ ಹೋಗಿರುವುದರಿಂದ ಈ ಗಲಾಟೆಯ ಬಿಸಿ ಈ ಒಂದಕ್ಕೇ ತಟ್ಟುತ್ತದೆ. 'ಒಂದೇ ಕಂಪ್ಯೂಟರ್ ನಿಧಾನ' ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ.

ಲಿಂಕ್ ಸ್ಪೀಡ್ ಸರಿ ಇದ್ದೂ ನೆಟ್ ತೊದಲುತ್ತಿದ್ದರೆ

ಇಲ್ಲಿ ಪಿಂಗ್ ಬೇಕು. ರೂಟರನ್ನು ಕೂಗಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ಅಳೆಯುವ ಕಮಾಂಡು ಅದು. ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ರೂಟರಿನ ವಿಳಾಸ ಕೊಡಿ. ಅದು ಹೆಚ್ಚಾಗಿ 192.168.1.1 ಅಥವಾ 192.168.0.1 ಇರುತ್ತದೆ; ಸೆಟ್ಟಿಂಗ್ಸ್‌ನಲ್ಲಿ ಗೇಟ್‌ವೇ ಅಂತ ಬರೆದಿರುವುದೇ ಅದು. ಕೊನೆಗೆ ಜಾಗ ಬಿಟ್ಟು ಒಂದು ಅಡ್ಡಗೆರೆ, ಅದಕ್ಕೆ ಅಂಟಿದಂತೆ ಟಿ ಅಕ್ಷರ. ಆಗ ನೀವು ಕಂಟ್ರೋಲ್, ಸಿ ಒತ್ತುವವರೆಗೂ ಸೆಕೆಂಡಿಗೊಂದು ಸಾಲು ಬರುತ್ತಲೇ ಇರುತ್ತದೆ.

ನೆನಪಿಡಿ, ಇದು ಹೊರಗಿನ ಇಂಟರ್ನೆಟ್ಟಿಗೆ ಹೋಗುವುದೇ ಇಲ್ಲ. ಮೇಜಿನಿಂದ ರೂಟರಿಗೆ, ರೂಟರಿನಿಂದ ಮೇಜಿಗೆ. ಆರೋಗ್ಯವಾಗಿದ್ದರೆ 2, 3, 2, 4 ಮಿಲಿಸೆಕೆಂಡ್ ಅಂತ ಸಣ್ಣ ಅಂಕಿಗಳೇ ಬರಬೇಕು. ಒಮ್ಮೊಮ್ಮೆ 20 ಬಂದರೆ ಚಿಂತೆಯಿಲ್ಲ. ನಡುನಡುವೆ 300, 800, 'ರಿಕ್ವೆಸ್ಟ್ ಟೈಮ್ಡ್ ಔಟ್' ಬರುತ್ತಿದ್ದರೆ ಮನೆಯೊಳಗಿನ ಗಾಳಿಯಲ್ಲೇ ಮಾತು ಕಳೆದುಹೋಗುತ್ತಿದೆ. ಹೊರಗಿನವರಿಗೆ ಎಷ್ಟು ದೂರು ಕೊಟ್ಟರೂ ಇದು ಸರಿಹೋಗದು.

ನನ್ನದೇ ಒಂದು ಕತೆ ಹೇಳಬೇಕು. ನನ್ನ ಡೆಸ್ಕ್‌ಟಾಪಿಗೆ ಉಗುರಿನಷ್ಟು ಪುಟ್ಟ ವೈ-ಫೈ ಡಾಂಗಲ್ (ಯುಎಸ್‌ಬಿ ತೂತಿಗೆ ಸಿಕ್ಕಿಸುವ ವೈ-ಫೈ ಕಾರ್ಡು) ಹಾಕಿದ್ದೆ. ಹಗಲೆಲ್ಲ ಚೆನ್ನಾಗಿರುತ್ತಿತ್ತು. ಸಂಜೆಯಾದರೆ ಸಾಕು, ತೆವಳಲು ಶುರು. ಸಂಜೆ ಅಕ್ಕಪಕ್ಕದವರೆಲ್ಲ ಮನೆಗೆ ಬರುತ್ತಾರೆ, ಅವರ ವೈ-ಫೈಗಳ ಕಾಟ ಅಂತ ನನ್ನ ತೀರ್ಮಾನ. ಚಾನೆಲ್ 1ರಿಂದ 6ಕ್ಕೆ, 6ರಿಂದ 11ಕ್ಕೆ ಬದಲಿಸಿದೆ. ವಾರಗಟ್ಟಲೆ ಇದೇ ಆಟ. ಒಂದು ಸಂಜೆ ಪಿಂಗ್ ಕಿಟಕಿಯನ್ನು ಮೂಲೆಯಲ್ಲಿ ಓಡಲು ಬಿಟ್ಟಿದ್ದೆ. 410, 3, 780, ಟೈಮ್ಡ್ ಔಟ್, 95. ಅಷ್ಟರಲ್ಲಿ ಬ್ಯಾಕಪ್ ಮುಗಿಯಿತು ಅಂತ ಹಿಂದಿದ್ದ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತೆ. ಮರು ಸಾಲಿನಿಂದಲೇ 2, 2, 3, 2. ಕಣ್ಣೆದುರೇ. ನಂಬಿಕೆ ಬರಲಿಲ್ಲ. ಮತ್ತೆ ಸಿಕ್ಕಿಸಿದೆ, ಮತ್ತೆ ಕುಣಿಯಿತು. ಮೂರು ಸಲ ಹಾಗೆ ಮಾಡಿದೆ. ಪಾಪ, ಪಕ್ಕದ ಮನೆಯವರದ್ದು ಏನೂ ತಪ್ಪಿರಲಿಲ್ಲ. ಸಂಜೆ ಬರುತ್ತಿದ್ದದ್ದು ನನ್ನ ಬ್ಯಾಕಪ್.

ಕಾರಣ ಹೀಗೆ. ಯುಎಸ್‌ಬಿ 3ರಲ್ಲಿ ಡೇಟಾ ಓಡುವಾಗ ಕನೆಕ್ಟರಿನಿಂದಲೂ ಕೇಬಲ್ಲಿನಿಂದಲೂ ರೇಡಿಯೊ ಗದ್ದಲ ಸೋರುತ್ತದೆ. ಆ ಗದ್ದಲ 2.4 ಗಿಗಾಹರ್ಟ್ಸ್ ಬ್ಯಾಂಡಿನ ಮೇಲೂ ಬೀಳುತ್ತದೆ. 2012ರಲ್ಲಿ ಇಂಟೆಲ್ ಕಂಪನಿಯೇ ಇದನ್ನು ಅಳೆದು ಬರೆದಿತ್ತು. ಗದ್ದಲ ದೂರ ಹೋಗುವುದಿಲ್ಲ. ಅದಕ್ಕೇ ಕೋಣೆಯಲ್ಲಿರುವ ಫೋನಿಗೆ ಏನೂ ಅನಿಸುವುದಿಲ್ಲ. ಆದರೆ ಪಕ್ಕದ ತೂತಿನಲ್ಲೇ ಕೂತ ಡಾಂಗಲ್ಲಿಗೆ ಅದು ಕಿವಿಯ ಬಳಿ ಬಾರಿಸಿದ ಡೋಲು. ರೂಟರಿನ ಸಣ್ಣ ದನಿ ಅದರಲ್ಲಿ ಮುಳುಗಿಹೋಗುತ್ತದೆ. ವಿಚಿತ್ರ ಅಂದರೆ ಸಿಗ್ನಲ್ ಕಡ್ಡಿಗಳು ಪೂರ್ತಿ ಇರುತ್ತವೆ. ಅವು ರೂಟರಿನ ದನಿ ಎಷ್ಟು ಜೋರಾಗಿದೆ ಅಂತ ಹೇಳುತ್ತವೆಯೇ ಹೊರತು ಸುತ್ತ ಎಷ್ಟು ಗದ್ದಲವಿದೆ ಅಂತ ಹೇಳುವುದಿಲ್ಲ.

ಪರಿಹಾರ ಸಲೀಸು. ಡಾಂಗಲ್ಲಿಗೆ ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೇಜಿನ ಮೇಲೆ ತನ್ನಿ. ಒಂದು ಮೀಟರ್ ಸಾಕು. ಡಿಸ್ಕನ್ನು ಪೆಟ್ಟಿಗೆಯ ಇನ್ನೊಂದು ಕಡೆಗೆ ಹಾಕಿ. ಡಾಂಗಲ್ 5 ಗಿಗಾಹರ್ಟ್ಸ್ ಹಿಡಿಯುವಂಥದ್ದಾದರೆ ಆ ಬ್ಯಾಂಡಿಗೆ ಹೋಗಿ. ಯುಎಸ್‌ಬಿ ಹಬ್, ಡಾಕ್ ಇಟ್ಟುಕೊಂಡ ಲ್ಯಾಪ್‌ಟಾಪುಗಳಲ್ಲೂ ಇದನ್ನು ನೋಡಬಹುದು. ಎಲ್ಲವನ್ನೂ ಕಿತ್ತು, ಪಿಂಗ್ ನೋಡುತ್ತಾ ಒಂದೊಂದಾಗಿ ಸಿಕ್ಕಿಸಿ.

ಬ್ಲೂಟೂತ್ ಹೆಡ್‌ಫೋನೂ ಇದೇ ಜಾತಿ. ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ವೈ-ಫೈ, ಬ್ಲೂಟೂತ್ ಎರಡೂ ಒಂದೇ ಕಾರ್ಡಿನಲ್ಲಿರುತ್ತವೆ. 2.4ರಲ್ಲಿದ್ದರೆ ಸರದಿ ಹಂಚಿಕೊಳ್ಳಬೇಕು. ಮೀಟಿಂಗಿನಲ್ಲಿ ಮಾತ್ರ ನೆಟ್ ಕೈ ಕೊಡುತ್ತದೆ ಅನ್ನುವವರು ಒಮ್ಮೆ ವೈರಿನ ಹೆಡ್‌ಫೋನ್ ಹಾಕಿ ನೋಡಿ.

ಆಂಟೆನಾ, ಕರೆಂಟು, ಡ್ರೈವರ್

ಡೆಸ್ಕ್‌ಟಾಪಿನ ಹಿಂದೆ ಹೋಗಿ ಬಗ್ಗಿ ನೋಡಿ. ಮದರ್‌ಬೋರ್ಡಿನಲ್ಲೇ ವೈ-ಫೈ ಇದ್ದರೆ ಎರಡು ಪುಟ್ಟ ಹಿತ್ತಾಳೆ ಬಣ್ಣದ ಮೊಳೆಯಂಥ ತುದಿಗಳು ಇಣುಕುತ್ತಿರುತ್ತವೆ. ಅವುಗಳಿಗೆ ಆಂಟೆನಾ ತಿರುಗಿಸಿ ಹಾಕಬೇಕು. ಎಷ್ಟೋ ಮನೆಗಳಲ್ಲಿ ಆ ಆಂಟೆನಾಗಳು ಡಬ್ಬಿಯೊಳಗೇ ಮಲಗಿರುತ್ತವೆ. ಅದಿಲ್ಲದೆಯೂ ವೈ-ಫೈ ಸಿಗುತ್ತದೆ, ಅದೇ ಮೋಸ. ಇದ್ದರೂ ಲೋಹದ ಪೆಟ್ಟಿಗೆ ಮುಂದೆ, ಗೋಡೆ ಹಿಂದೆ, ನಡುವೆ ಆಂಟೆನಾ ಅಂದರೆ ಉಸಿರಾಡಲು ಜಾಗವಿಲ್ಲ. ತಂತಿ ಇರುವ ಆಂಟೆನಾ ತಂದು ಮೇಜಿನ ಮೇಲೆ ಇಡಿ.

ಲ್ಯಾಪ್‌ಟಾಪಿನಲ್ಲಿ ಆಂಟೆನಾ ಸಾಮಾನ್ಯವಾಗಿ ಪರದೆಯ ಚೌಕಟ್ಟಿನೊಳಗಿರುತ್ತದೆ. ಅಲ್ಲಿಂದ ಎರಡು ತೆಳ್ಳನೆಯ ತಂತಿಗಳು ಕಾರ್ಡಿಗೆ ಬಂದು ಗುಂಡಿಯ ಹಾಗೆ ಒತ್ತಿಕೊಂಡಿರುತ್ತವೆ. ರಿಪೇರಿಗೆ ಬಿಚ್ಚಿದ ಮೇಲೆ ನಿಧಾನ ಶುರುವಾಗಿದ್ದರೆ ಒಂದು ಗುಂಡಿ ಕಳಚಿರುವ ಸಾಧ್ಯತೆ ಜಾಸ್ತಿ. ಗುರುತು ಹಿಡಿಯುವುದು ಹೀಗೆ: ರೂಟರಿನಿಂದ ಎರಡು ಅಡಿ ದೂರದಲ್ಲಿಟ್ಟರೂ ಸಿಗ್ನಲ್ 50 ಪರ್ಸೆಂಟ್ ದಾಟುವುದಿಲ್ಲ.

ಚಾರ್ಜರ್ ಹಾಕಿದಾಗ ಓಡಿ, ತೆಗೆದಾಗ ತೂಕಡಿಸುವ ಲ್ಯಾಪ್‌ಟಾಪಾದರೆ ಅದು ಬ್ಯಾಟರಿ ಉಳಿತಾಯ. ಪವರ್ ಸೆಟ್ಟಿಂಗಿನಲ್ಲಿ ವೈರ್‌ಲೆಸ್ ಅಡಾಪ್ಟರನ್ನು ಮ್ಯಾಕ್ಸಿಮಂ ಪರ್ಫಾರ್ಮೆನ್ಸ್‌ಗೆ ಇಡಿ. ಡಿವೈಸ್ ಮ್ಯಾನೇಜರಿನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿನಲ್ಲಿ, ಕರೆಂಟು ಉಳಿಸಲು ಈ ಸಾಧನ ಆರಿಸಬಹುದು ಅನ್ನುವ ಟಿಕ್ ತೆಗೆಯಿರಿ.

ಡ್ರೈವರ್ ವಿಷಯದಲ್ಲಿ 'ಹೊಸದೇ ಒಳ್ಳೆಯದು' ಅಂತ ನಾನು ಒಪ್ಪುವುದಿಲ್ಲ. ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ಡ್ರೈವರ್ ಟ್ಯಾಬಿನಲ್ಲಿ ರೋಲ್ ಬ್ಯಾಕ್ ಒತ್ತಿ ಹಿಂದಿನದಕ್ಕೆ ಹೋಗಿ. ಮೊದಲಿನಿಂದಲೂ ನಿಧಾನವಿದ್ದು ಡ್ರೈವರಿನ ತಾರೀಖು ಐದಾರು ವರ್ಷ ಹಳೆಯದಾದರೆ ಮಾತ್ರ ಹೊಸದು ಹಾಕಿ. ಕಂಪ್ಯೂಟರ್ ತಯಾರಿಸಿದವರ ಅಥವಾ ಕಾರ್ಡಿನ ಚಿಪ್ ತಯಾರಿಸಿದವರ ಸೈಟಿನಿಂದಲೇ ತೆಗೆದುಕೊಳ್ಳಿ. 'ಡ್ರೈವರ್ ಅಪ್‌ಡೇಟರ್' ಅಂತ ಪುಕ್ಕಟೆ ಸಿಗುವ ಪ್ರೋಗ್ರಾಂಗಳ ಸಹವಾಸ ಬೇಡ.

ನೆಟ್‌ವರ್ಕ್ ರಿಸೆಟ್ ಕಟ್ಟಕಡೆಗೆ. ಅದು ಉಳಿಸಿಟ್ಟ ವೈ-ಫೈ ಪಾಸ್‌ವರ್ಡುಗಳನ್ನೆಲ್ಲ ಅಳಿಸುತ್ತದೆ, ವಿಪಿಎನ್ ಇದ್ದರೆ ಅದನ್ನೂ ಮತ್ತೆ ಹಾಕಬೇಕಾಗಬಹುದು. ಬರೆದಿಟ್ಟುಕೊಂಡು ಒತ್ತಿ.

ಇಷ್ಟೆಲ್ಲ ಆದ ಮೇಲೂ ಟೆಥರಿಂಗಿನಲ್ಲಿ ಓಡುವ ಕಂಪ್ಯೂಟರ್ ಸ್ವಂತ ಕಾರ್ಡಿನಲ್ಲಿ ತೆವಳಿದರೆ ಕಾರ್ಡು ಬದಲಿಸುವುದೇ ದಾರಿ. ಎರಡು ಬ್ಯಾಂಡೂ ಹಿಡಿಯುವ ಯುಎಸ್‌ಬಿ ಡಾಂಗಲ್ ಸಾಕು. ಉಗುರಿನಷ್ಟು ಪುಟ್ಟದ್ದು ಚೆಂದ ಕಂಡರೂ ಸ್ವಲ್ಪ ಉದ್ದನೆಯ ಆಂಟೆನಾ ಇರುವುದನ್ನೇ ತೆಗೆದುಕೊಳ್ಳಿ. ಹೊಸದು ಹಾಕಿದ ಕೂಡಲೇ ಡಿವೈಸ್ ಮ್ಯಾನೇಜರಿನಲ್ಲಿ ಹಳೆಯ ಕಾರ್ಡನ್ನು ಡಿಸೇಬಲ್ ಮಾಡಿ. ಇಲ್ಲದಿದ್ದರೆ ಎರಡೂ ಒಟ್ಟಿಗೆ ವೈ-ಫೈಗೆ ಸೇರಿಕೊಳ್ಳಬಹುದು. ಹೊಸ ಡಾಂಗಲ್ಲಿನ ದೀಪ ಮಿನುಗುತ್ತಿರುತ್ತದೆ, ನೆಟ್ ಮಾತ್ರ ಹಳೆಯ ಕಾರ್ಡಿನಲ್ಲೇ ಹೋಗುತ್ತಿರುತ್ತದೆ.